ನಿಶಿಗಾಕಿಗೆಂದು ಕಟ್ಟಿದ ಹಾಡು

ಕುರೊಹಾಮಾ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಕುಸುನೋಕಿ ಲಾಂಡ್ರಿ ಇದೆ. ಅಲ್ಲಿ ಅಂಗಿ ಕೊಡುವವರು ಬೇಸ್‌ಬಾಲ್ ಫಲಿತಾಂಶಕ್ಕಾಗಿ ಪತ್ರಿಕೆ ನೋಡಬೇಕಾಗಿಲ್ಲ. ನಮ್ಮೂರಿನ ಡಾಲ್ಫಿನ್ಸ್ ತಂಡ ಗೆದ್ದ ಮರುದಿನ ಇಸ್ತ್ರಿಯಾದ ಕಾಲರ್ ಕುತ್ತಿಗೆಗೆ ಮೆತ್ತಗೆ ಕೂರುತ್ತದೆ. ಸೋತ ಮರುದಿನದ ಕಾಲರ್‌ಗೆ ಗಂಜಿ ಜಾಸ್ತಿ. ಹಲಗೆಯ ಹಾಗೆ ನಿಲ್ಲುತ್ತದೆ. ಕಳೆದ ವರ್ಷ ಆಗಸ್ಟಿನಲ್ಲಿ ಬೇಸಿಗೆ ಮುಗಿಯುವಷ್ಟರಲ್ಲಿ ಆ ಬೀದಿಯ ಅರ್ಧ ಗಂಡಸರ ಕುತ್ತಿಗೆ ಕೆಂಪಾಗಿತ್ತು.

ಬ್ಯಾಂಕಿನ ಸೊನೆದಾ ಬೆಳಿಗ್ಗೆ ಅಂಗಿ ತೆಗೆದುಕೊಳ್ಳಲು ಬಂದಾಗ ಕಾಲರನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು.

"ಒಂಬತ್ತು–ಎರಡಾ, ಕುಸುನೋಕಿ ಸಾನ್?"

"ಹತ್ತು–ಎರಡು."

"ಸ್ವಲ್ಪದರಲ್ಲಿ ತಪ್ಪಿತು."

"ಹತ್ತನೇದು ಅವರು ಹೊಡೆದಿದ್ದಲ್ಲ, ನಮ್ಮವನು ಚೆಂಡು ಬಿಟ್ಟಿದ್ದು. ಕೈಗೆ ಹಾಕ್ಕೊಂಡಿದ್ದು ಗ್ಲೌಸೋ ಜರಡಿಯೋ ಗೊತ್ತಿಲ್ಲ."

ಆ ಲಾಂಡ್ರಿಯ ಕುಸುನೋಕಿ ತೊಮಿಕೊ ಅವರಿಗೆ, ನಾವೆಲ್ಲ ಗೌರವದಿಂದ ತೊಮಿಕೊ ಸಾನ್ ಎನ್ನುವವರಿಗೆ, ಅರವತ್ತೊಂದು ವರ್ಷ. ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಕಲಿತರು. ಮೂವತ್ತನೆಯ ವಯಸ್ಸಿನಲ್ಲಿ ಡಾಲ್ಫಿನ್ಸ್‌ನ ಹುರಿದುಂಬಿಸುವ ಬಳಗಕ್ಕೆ ಸೇರಿದರು. ಕ್ರೀಡಾಂಗಣದ ಬಲಬದಿಯ ಗ್ಯಾಲರಿ ಆ ಬಳಗದ ಜಾಗ. ಅಲ್ಲಿ ವಾದ್ಯ ನುಡಿಸಲು ಅನುಮತಿ ಇರುವವರು ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಅಂಥವರು ಹನ್ನೊಂದು ಮಂದಿ ಇದ್ದರು. ಅವರ ಪೈಕಿ ತೊಮಿಕೊ ಸಾನ್ ಎಲ್ಲರಿಗಿಂತ ಹಳಬರು.

ಬ್ಯಾಟ್ ಹಿಡಿಯುವ ಪ್ರತಿಯೊಬ್ಬ ಆಟಗಾರನಿಗೂ ಅವನದೇ ಒಂದು ಹಾಡಿರುತ್ತದೆ. ಅವನ ಹೆಸರು ಕೂಗಿದ ಕೂಡಲೇ ಟ್ರಂಪೆಟ್ ಮೊದಲ ನಾಲ್ಕು ಸ್ವರ ಊದಬೇಕು. ಆಮೇಲೆ ಡೋಲು, ಆಮೇಲೆ ಸಾವಿರಾರು ಜನರ ಕೊರಳು. ಆ ನಾಲ್ಕು ಸ್ವರಗಳನ್ನು ಮೂವತ್ತೊಂದು ವರ್ಷ ತೊಮಿಕೊ ಸಾನ್ ಊದಿದ್ದಾರೆ. ಆ ಮೂವತ್ತೊಂದರಲ್ಲಿ ಇಪ್ಪತ್ತು ವರ್ಷ ನಮ್ಮ ತಂಡ ಆರು ತಂಡಗಳ ಪೈಕಿ ಐದನೆಯದೋ ಆರನೆಯದೋ ಆಗಿತ್ತು. ಕೊನೆಯ ಏಳು ವರ್ಷ ಐದನೆಯದೂ ಆಗಿರಲಿಲ್ಲ.

ಪ್ರತಿ ಅಕ್ಟೋಬರ್‌ನಲ್ಲಿ ಅವರು ಟ್ರಂಪೆಟ್ ಒರೆಸಿ, ಪೆಟ್ಟಿಗೆಗೆ ಹಾಕಿ, ಬೀರುವಿನ ಮೇಲಿಡುತ್ತಿದ್ದರು.

"ಮುಗೀತು. ಇನ್ನು ಈ ಜನ್ಮದಲ್ಲಿ ಆ ಕಡೆ ತಲೆ ಹಾಕಲ್ಲ."

ಗಂಡ ಇಸಾವೊ ಪ್ಯಾಂಟಿನ ಮಡಿಕೆ ಒತ್ತುತ್ತ ತಲೆ ಎತ್ತದೆ ಹೇಳುತ್ತಿದ್ದರು. "ಸ್ಟೂಲು ಹಿಂದಿನ ಕೋಣೇಲಿದೆ. ಫೆಬ್ರವರೀಲಿ ಅದನ್ನ ಇಳಿಸೋಕೆ ಹುಡುಕ್ಬೇಡ."

ಇಸಾವೊ ಅವರಿಗೆ ಬೇಸ್‌ಬಾಲ್ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಕ್ರೀಡಾಂಗಣಕ್ಕೆ ಹೋದವರಲ್ಲ.

ಲಾಂಡ್ರಿಗೆ ಮಂಗಳವಾರ ರಜೆ. ಆ ದಿನ ತೊಮಿಕೊ ಸಾನ್ ನದಿಯ ಮೇಲಿನ ರೈಲು ಸೇತುವೆಯ ಕೆಳಗೆ ನಿಂತು ಟ್ರಂಪೆಟ್ ಅಭ್ಯಾಸ ಮಾಡುತ್ತಿದ್ದರು. ಊರೊಳಗೆ ಊದಿದರೆ ನೆರೆಯವರು ಸುಮ್ಮನಿರುವುದಿಲ್ಲ. ಸೇತುವೆ ದಾಟಿದರೆ ಆಚೆ ದಡದಲ್ಲಿ ಡಾಲ್ಫಿನ್ಸ್‌ನ ಎರಡನೆಯ ತಂಡದ ಮೈದಾನ. ಇನ್ನೂ ಪಳಗದವರು, ಗಾಯಗೊಂಡವರು, ಮರೆತುಹೋದವರು ಅಲ್ಲಿ ಆಡುತ್ತಾರೆ. ಅಲ್ಲಿ ವಾದ್ಯಗಳಿಗೆ ಅನುಮತಿ ಇಲ್ಲ. ಅವರು ಉಪ್ಪು ಹಾಕಿದ ಪ್ಲಮ್ ಇಟ್ಟ ಎರಡು ಅನ್ನದ ಉಂಡೆಗಳನ್ನು ಕಟ್ಟಿಕೊಂಡು ಹೋಗಿ, ತಂತಿ ಬೇಲಿಯ ಪಕ್ಕದ ಬೆಂಚಿನಲ್ಲಿ ಕೂತು ಆಟ ನೋಡುತ್ತಿದ್ದರು.

ಅವರು ನಿಶಿಗಾಕಿಯನ್ನು ಮೊದಲು ನೋಡಿದ್ದು ಅಲ್ಲಿ. ಗುಡ್ಡಗಾಡಿನ ಒಂದು ಸಣ್ಣ ಊರಿನಿಂದ ಹದಿನೆಂಟನೆಯ ವಯಸ್ಸಿಗೆ ಬಂದವನು, ಓಟಗಾರರು ಮುಟ್ಟಬೇಕಾದ ನಾಲ್ಕು ನೆಲೆಗಳಲ್ಲಿ ಮೂರನೆಯದನ್ನು, ಅಂದರೆ ಮೂರನೆಯ ಬೇಸನ್ನು, ಕಾಯುತ್ತಿದ್ದ. ಕಳೆದ ವರ್ಷ ಅವನಿಗೆ ಇಪ್ಪತ್ತೇಳು. ಮೊದಲನೆಯ ತಂಡದೊಂದಿಗೆ ಎರಡೇ ಸಲ ಆಡಿದ್ದ, ಎರಡೂ ಪರ ಊರಿನಲ್ಲಿ. ಕುರೊಹಾಮಾದ ಜನರ ಮುಂದೆ ಒಮ್ಮೆಯೂ ಬ್ಯಾಟ್ ಹಿಡಿದಿರಲಿಲ್ಲ.

"ಅವನಲ್ಲಿ ಏನು ಕಂಡಿರಿ?" ಎಂದು ಅಂಗಿ ಕೊಡಲು ಹೋದಾಗ ನಾನು ಕೇಳಿದ್ದೆ.

"ಎಡ ಮೊಣಕಾಲು," ಎಂದರು ತೊಮಿಕೊ ಸಾನ್. "ಉಳಿದವರ ಪ್ಯಾಂಟು ಆಟ ಮುಗಿದಾಗ್ಲೂ ಬೆಳ್ಳಗಿರತ್ತೆ. ಇವನ ಎಡ ಮೊಣಕಾಲು ಮಾತ್ರ ಎಷ್ಟು ಒಗೆದ್ರೂ ಮಣ್ಣಿನ ಬಣ್ಣಾನೇ. ದಿನಾ ಚೆಂಡಿಗೆ ಬಿದ್ದು ಬಿದ್ದು ಆಗಿರೋದು. ಬಟ್ಟೆ ನೋಡಿದ್ರೆ ಕೆಲಸ ಮಾಡೋನು ಯಾರು ಅಂತ ನಮಗೆ ಗೊತ್ತಾಗತ್ತಪ್ಪ."

ಐದು ವರ್ಷದ ಹಿಂದೆ ಅವರು ನಿಶಿಗಾಕಿಗೆ ಒಂದು ಹಾಡು ಕಟ್ಟಿದರು. ಬಳಗದ ಮುಖ್ಯಸ್ಥರು ವಾಕುಯಾ. ಗಾಳ, ಬಲೆ ಮಾರುವ ಅಂಗಡಿಯವರು. ನಾವೆಲ್ಲ ಅವರನ್ನು ದಾಂಚೋ, ಅಂದರೆ ಬಳಗದ ನಾಯಕರು, ಎಂದೇ ಕರೆಯುತ್ತೇವೆ. ದಾಂಚೋ ಹಾಡು ಕೇಳಿ ಚೆನ್ನಾಗಿದೆ ಎಂದರು, ಆದರೆ ಕ್ರಮ ಬಿಡಲಿಲ್ಲ. ಮೊದಲನೆಯ ತಂಡದಲ್ಲಿ ನಮ್ಮೂರಿನ ಪಂದ್ಯಕ್ಕೆ ಬಂದವನಿಗೆ ಮಾತ್ರ ಹಾಡು. ಆಗಲೇ ಸಾಹಿತ್ಯ ಅಚ್ಚು ಹಾಕಿಸಿ ಹಂಚುವುದು. ಹಾಗಾಗಿ ಆ ಹಾಡು ಸೇತುವೆಯ ಕೆಳಗೇ ಉಳಿಯಿತು.

ಕಳೆದ ವರ್ಷ ಜುಲೈಯಲ್ಲಿ ತಂಡದ ಮಾಲೀಕರು ನಮ್ಮ ಅತ್ಯುತ್ತಮ ಹೊಡೆತಗಾರನನ್ನು ಎದುರಾಳಿ ತಂಡಕ್ಕೆ ಬಿಟ್ಟುಕೊಟ್ಟರು. ಆಗಸ್ಟ್‌ ಮಧ್ಯದಿಂದ ಸೋಲು ಶುರುವಾಯಿತು. ಹದಿಮೂರು ಪಂದ್ಯ ಸಾಲಾಗಿ ಸೋತ ಮೇಲೆ ವಾಕುಯಾ ತಮ್ಮ ಅಂಗಡಿಯ ಅಟ್ಟದಲ್ಲಿ ಸಭೆ ಕರೆದರು. ಎಲ್ಲರಿಗೂ ಬಾರ್ಲಿ ಚಹಾ ಕೊಟ್ಟರು.

"ನಾವು ಊದ್ತಾನೇ ಇದ್ರೆ ಮೇಲೆ ಕೂತವರಿಗೆ ಎಲ್ಲಾ ಸರಿ ಇದೆ ಅನ್ಸತ್ತೆ," ಎಂದರು ವಾಕುಯಾ. "ಶನಿವಾರ ಒಂದು ದಿನ ಸುಮ್ನಿರೋಣ. ಟ್ರಂಪೆಟ್ ಇಲ್ಲ, ಡೋಲು ಇಲ್ಲ, ಹಾಡೂ ಇಲ್ಲ. ಆದ್ರೆ ಎಲ್ಲಾನೂ ತಗೊಂಡು ಬನ್ನಿ, ಮಡಿಲಲ್ಲಿಟ್ಕೊಂಡು ಕೂತ್ಕೊಳ್ಳಿ. ತರದೇ ಇದ್ರೆ ಮನೇಲಿ ಮರೆತ್ರು ಅಂತಾರೆ. ತಂದು ಊದದೇ ಇದ್ರೆ ಅರ್ಥ ಆಗತ್ತೆ. ಒಪ್ಪೋರು ಕೈ ಎತ್ತಿ."

ಮೊದಲು ಎದ್ದ ಕೈ ತೊಮಿಕೊ ಸಾನ್ ಅವರದು.

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಲಾಂಡ್ರಿಯ ರೇಡಿಯೊದಲ್ಲಿ ಸುದ್ದಿ ಬಂತು. ಮೂರನೆಯ ಬೇಸ್ ಕಾಯುವವನ ಕಣಕಾಲು ಉಳುಕಿದೆ. ಎರಡನೆಯ ತಂಡದಿಂದ ನಿಶಿಗಾಕಿಯನ್ನು ಕರೆಸಿದ್ದಾರೆ. ತೊಮಿಕೊ ಸಾನ್ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟರು.

"ಯಾರು ಸತ್ರು?" ಎಂದರು ಇಸಾವೊ.

"ಯಾರೂ ಇಲ್ಲ ರೀ. ನಿಶಿಗಾಕಿ ಬರ್ತಿದಾನೆ."

"ಒಳ್ಳೇದಲ್ವಾ? ನಾಲ್ಕು ವರ್ಷದಿಂದ ಸ್ನಾನದ ಮನೇಲಿ ಅವನ ಹಾಡೇ ಗುನುಗ್ತೀಯ."

"ಇವತ್ತು ಊದೋ ಹಾಗಿಲ್ಲ."

ಅಕ್ಟೋಬರ್‌ನಲ್ಲಿ ತಂಡ ಬೇಡವಾದವರನ್ನು ಬಿಡುತ್ತದೆ. ಒಂಬತ್ತು ವರ್ಷ ಎರಡನೆಯ ತಂಡದಲ್ಲೇ ಇದ್ದವನ ಹೆಸರು ಆ ಪಟ್ಟಿಯಲ್ಲಿ ಇರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಕಣಕಾಲು ಉಳುಕಿದವನು ನಾಲ್ಕು ದಿನದಲ್ಲಿ ಎದ್ದರೆ ನಿಶಿಗಾಕಿ ಮತ್ತೆ ನದಿಯಾಚೆಗೆ. ಇವತ್ತು ಊದದಿದ್ದರೆ ಆ ಹಾಡನ್ನು ಊದುವ ದಿನವೇ ಬರದಿರಬಹುದು. ತೊಮಿಕೊ ಸಾನ್ ವಾಕುಯಾ ಅವರಿಗೆ ಫೋನ್ ಮಾಡಿದರು.

"ದಾಂಚೋ, ಅವನೊಬ್ಬನಿಗೆ."

"ತೊಮಿ ಸಾನ್, ಒಬ್ಬನಿಗೆ ಊದಿದ್ರೆ ಮೌನ ಮುರೀತು. ಮೊದ್ಲು ಕೈ ಎತ್ತಿದ್ದು ಯಾರು?"

"ನಾನೇ."

"ಮತ್ತೆ?"

ತೊಮಿಕೊ ಸಾನ್ ಫೋನ್ ಇಟ್ಟರು. ಆದರೂ ಮಾತಿನಂತೆ ಟ್ರಂಪೆಟ್ ತೆಗೆದುಕೊಂಡೇ ಹೊರಟರು.

ಪಂದ್ಯ ಮಧ್ಯಾಹ್ನ ಒಂದಕ್ಕೆ ಶುರುವಾಯಿತು. ನಾನು ಬಲಬದಿಯಲ್ಲಿ ಬಳಗಕ್ಕಿಂತ ಎರಡು ಸಾಲು ಹಿಂದೆ ಕೂತಿದ್ದೆ. ಅಷ್ಟು ಸುಮ್ಮನಿದ್ದ ಗ್ಯಾಲರಿಯನ್ನು ನಾನು ಎಂದೂ ನೋಡಿರಲಿಲ್ಲ. ಡೋಲು ಹೊಡೆಯುವವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಚೆಂಡು ಗ್ಲೌಸಿಗೆ ಬೀಳುವ ಸದ್ದು ನಮ್ಮವರೆಗೂ ಬರುತ್ತಿತ್ತು. ಬಿಯರ್ ಮಾರುವ ಹುಡುಗಿ ಕೂಗಲು ನಾಚಿ ಮೆತ್ತಗೆ ಮಾರುತ್ತಿದ್ದಳು. ನಮ್ಮ ಆಟಗಾರರು ಮೊದಲೆರಡು ಇನ್ನಿಂಗ್ಸ್‌ಗಳಲ್ಲಿ ಮತ್ತೆ ಮತ್ತೆ ನಮ್ಮ ಕಡೆ ನೋಡಿದರು. ಆಮೇಲೆ ನೋಡುವುದನ್ನು ಬಿಟ್ಟರು. ವಾಕುಯಾ ಹೇಳಿದ್ದು ನಿಜವಾಗಿತ್ತು. ಎಷ್ಟು ಕೂಗಿದ್ದರೂ ಆಗದ ಪರಿಣಾಮ ಆ ಮೌನದಿಂದ ಆಗಿತ್ತು. ಮೇಲಿನ ಗಾಜಿನ ಕೋಣೆಯಲ್ಲಿ ಕೋಟು ಹಾಕಿದವರು ಎದ್ದು ನಿಂತು ಕೆಳಗೆ ನೋಡುತ್ತಿದ್ದರು.

ಏಳು ಇನ್ನಿಂಗ್ಸ್ ತೊಮಿಕೊ ಸಾನ್ ಮಡಿಲಲ್ಲಿ ಟ್ರಂಪೆಟ್ ಇಟ್ಟುಕೊಂಡು ಅಲುಗಾಡದೆ ಕೂತಿದ್ದರು. ನಿಶಿಗಾಕಿಯನ್ನು ಆಡಲು ಇಳಿಸಿರಲಿಲ್ಲ. ಅವನು ಇವತ್ತು ಬರದಿದ್ದರೆ ಒಳ್ಳೆಯದು ಎಂದು ಅವರು ಆಗ ಬೇಡಿಕೊಂಡರಂತೆ. ಅಭಿಮಾನಿಯಾದವಳು ಬೇಡಿಕೊಳ್ಳಬಾರದ್ದು ಅದು ಎಂದು ಆಮೇಲೆ ಅವರೇ ಹೇಳಿದರು.

ಎಂಟನೆಯ ಇನ್ನಿಂಗ್ಸ್‌ನಲ್ಲಿ, ಆರು–ಒಂದಕ್ಕೆ ಹಿಂದಿದ್ದಾಗ, ಧ್ವನಿವರ್ಧಕದಲ್ಲಿ ಬದಲಿ ಬ್ಯಾಟುಗಾರನ ಹೆಸರು ಕೇಳಿತು. ನಿಶಿಗಾಕಿ.

ಅವನು ಹೊರಗೆ ಬಂದು ಎರಡು ಸಲ ಬ್ಯಾಟ್ ಬೀಸಿದ. ಹೊಸ ಪ್ಯಾಂಟು, ಎರಡೂ ಮೊಣಕಾಲು ಬೆಳ್ಳಗೆ. ತೊಮಿಕೊ ಸಾನ್ ಎದ್ದು ನಿಂತರು. ವಾಕುಯಾ ತಿರುಗಿ ನೋಡಿ, ಬೇಡ ಎಂಬಂತೆ ತಲೆಯಾಡಿಸಿದರು. ತೊಮಿಕೊ ಸಾನ್ ದಾಂಚೋಗೆ ಒಮ್ಮೆ ತಲೆಬಾಗಿ ವಂದಿಸಿ, ಟ್ರಂಪೆಟ್ ಎತ್ತಿ ನಾಲ್ಕು ಸ್ವರ ಊದಿದರು.

ಡೋಲು ಕೇಳಲಿಲ್ಲ. ಕೊರಳುಗಳೂ ಇಲ್ಲ. ಹಾಡಬೇಕೆಂದರೂ ಹಾಡಲು ಯಾರಿಗೂ ಮಾತು ಗೊತ್ತಿರಲಿಲ್ಲ. ಏಳು ಇನ್ನಿಂಗ್ಸ್ ಒಣಗಿದ ತುಟಿ. ಎರಡನೆಯ ಸಾಲಿನ ಎತ್ತರದ ಸ್ವರ ಒಡೆದು ಹೋಯಿತು. ಅವರು ನಿಲ್ಲಿಸದೆ ಅದನ್ನು ದಾಟಿ, ಕೊನೆಯವರೆಗೆ ಊದಿ, ಮತ್ತೆ ಮೊದಲಿನಿಂದ ಶುರುಮಾಡಿದರು. ಬಳಗದ ಕ್ರಮ ಅದು, ಆಟಗಾರ ಔಟಾಗುವವರೆಗೋ ಬೇಸ್ ಮುಟ್ಟುವವರೆಗೋ ಅವನ ಹಾಡು ನಿಲ್ಲಬಾರದು.

ನಿಶಿಗಾಕಿ ಒಂದು ಚೆಂಡನ್ನು ಗೆರೆಯಾಚೆಗೆ ಹೊಡೆದು, ಹಿಂದೆ ಸರಿದು, ಬಲಬದಿಗೆ ಒಮ್ಮೆ ನೋಡಿದ. ಶಿರಸ್ತ್ರಾಣ ಸರಿಮಾಡಿಕೊಂಡು ಮತ್ತೆ ನಿಂತ. ಐದನೆಯ ಚೆಂಡನ್ನು ಬಲವಾಗಿ ನೆಲಕ್ಕೆ ಹೊಡೆದ. ಅದು ನೇರ ಎರಡನೆಯ ಬೇಸಿನವನ ಕೈಗೆ ಹೋಯಿತು. ಔಟಾಗುವುದು ಖಚಿತವಿದ್ದರೂ ಅವನು ಪೂರ್ತಿ ವೇಗದಲ್ಲಿ ಓಡಿ, ಮೊದಲನೆಯ ಬೇಸಿಗೆ ಹಾರಿ ಬಿದ್ದ. ಎದ್ದು ಹಿಂತಿರುಗುವಾಗ ಎಡ ಮೊಣಕಾಲು ಮಣ್ಣಾಗಿತ್ತು.

ತೊಮಿಕೊ ಸಾನ್ ಟ್ರಂಪೆಟ್ ಇಳಿಸಿ ಕೂತರು. ನನ್ನ ಹಿಂದೆ ಯಾರೋ, "ಯಾವ ಹಾಡು ಅದು?" ಎಂದು ಪಿಸುಗುಟ್ಟಿದರು. ತಂಡ ಹದಿನಾಲ್ಕನೆಯ ಸಲ ಸೋತಿತು.

ಜನ ಖಾಲಿಯಾದ ಮೇಲೆ ಅವರು ತೋಳಿನ ಹಸಿರು ಪಟ್ಟಿ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಲ್ಲಿ ವಾಕುಯಾ ಅವರಿಗೆ ಕೊಟ್ಟರು.

"ನಾಳೆ ಪೇಪರಲ್ಲಿ ಮೌನದ ಬಗ್ಗೆ ಬರ್ಬೇಕಿತ್ತು," ಎಂದರು ವಾಕುಯಾ. "ಈಗ ಒಂದು ಟ್ರಂಪೆಟ್ ಬಗ್ಗೆ ಬರತ್ತೆ."

"ಗೊತ್ತು. ಕ್ಷಮಿಸಿ."

ವಾಕುಯಾ ಪಟ್ಟಿಯನ್ನು ಕೈಯಲ್ಲಿ ತಿರುಗಿಸಿದರು. ಉಳಿದ ಒಂಬತ್ತು ಮಂದಿ ಸ್ವಲ್ಪ ದೂರದಲ್ಲಿ ನಿಂತಿದ್ದರು.

"ಮೂವತ್ತೊಂದು ವರ್ಷದ ಅಭ್ಯಾಸ. ಹೆಸರು ಕೇಳಿದ್ ತಕ್ಷಣ ಕೈ ತಾನಾಗೇ ಎದ್ದಿರತ್ತೆ. ಅಲ್ವಾ, ತೊಮಿ ಸಾನ್? ಹಾಗಂತ ನಾನು ಇವರಿಗೆ ಹೇಳಬಹುದು."

ಅದು ಅವರು ತೆರೆದು ಹಿಡಿದ ಬಾಗಿಲು. ಹೌದು ಎಂದಿದ್ದರೆ ಪಟ್ಟಿ ಅಲ್ಲೇ ವಾಪಸಾಗುತ್ತಿತ್ತು.

"ಇಲ್ಲ ದಾಂಚೋ. ಕೈ ತಾನಾಗಿ ಏಳ್ಲಿಲ್ಲ. ನಾನೇ ಎತ್ತಿದೆ."

ವಾಕುಯಾ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡರು. "ಹಾಗಾದ್ರೆ ಈ ಸೀಸನ್ ಮುಗಿಯೋವರೆಗೂ ನೀವು ಈ ಕಡೆ ಕೂರೋ ಹಾಗಿಲ್ಲ."

"ಸರಿ."

ತೊಮಿಕೊ ಸಾನ್ ಮೆಟ್ಟಿಲು ಹತ್ತತೊಡಗಿದಾಗ ವಾಕುಯಾ ಮತ್ತೆ ಕರೆದರು.

"ಆ ಹಾಡಿಗೆ ಮಾತಿದೆಯಾ?"

"ಇದೆ. ಮೂರು ಸಾಲು."

"ಬರೆದು ಕೊಡಿ. ಮೊದಲನೇ ತಂಡಕ್ಕೆ ಬಂದಿದಾನಲ್ಲ. ಕ್ರಮ ಅಂದ್ರೆ ಕ್ರಮ."

ಅವರು ಅನ್ನದ ಉಂಡೆ ಸುತ್ತಿ ತಂದಿದ್ದ ಕಾಗದದ ಹಿಂದೆ ಬರೆದು ಕೊಟ್ಟರು. ನನ್ನ ಹತ್ತಿರ ಅದರ ಅಚ್ಚಾದ ಪ್ರತಿ ಇದೆ.

ನದಿಯಾಚೆಯಿಂದ ಬಂದವನೇ,
ಇವತ್ತು ಈಚೆ ದಡ ನಿನ್ನದೇ.
ಬೀಸು, ಬೀಸು, ನಿಶಿಗಾಕಿ.

ಭಾನುವಾರ ಅವನನ್ನು ಆಡಿಸಲಿಲ್ಲ. ಆ ದಿನ ಮತ್ತೆ ವಾದ್ಯಗಳು ಮೊಳಗಿದವು, ತಂಡ ಮತ್ತೆ ಸೋತಿತು. ಮಂಗಳವಾರ ಸಂಜೆಯ ಪಂದ್ಯಕ್ಕೆ ತೊಮಿಕೊ ಸಾನ್ ಮೂರನೆಯ ಬೇಸಿನ ಬದಿಯಲ್ಲಿ, ಬರಿಗೈಯಲ್ಲಿ ಕೂತಿದ್ದರು. ಪಕ್ಕದಲ್ಲಿ ಇಸಾವೊ ಇದ್ದರು. ಗಿರಾಕಿಯೊಬ್ಬರು ಎರಡು ಟಿಕೆಟ್ ಕೊಟ್ಟರು, ಬಿಸಾಕಲು ಮನಸ್ಸಾಗಲಿಲ್ಲ ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಆ ಗಿರಾಕಿ ಯಾರೆಂದು ಮಾತ್ರ ಹೇಳಲಿಲ್ಲ.

ಎರಡನೆಯ ಇನ್ನಿಂಗ್ಸ್‌ನಲ್ಲಿ ನಿಶಿಗಾಕಿಯ ಹೆಸರು ಕೂಗಿದರು. ಬಲಬದಿಯಿಂದ ನಾಲ್ಕು ಸ್ವರ ಕೇಳಿತು. ಊದಿದವಳು ಬಳಗದ ಮೊಗಾಮಿ, ದಂತವೈದ್ಯರ ಬಳಿ ಕೆಲಸ ಮಾಡುವ ಹುಡುಗಿ. ಆಮೇಲೆ ಡೋಲು, ಆಮೇಲೆ ಕಾಗದ ಹಿಡಿದುಕೊಂಡು ತಡವರಿಸುತ್ತ ಹಾಡುವ ಎರಡು ಮೂರು ಸಾವಿರ ಜನ. ಹಾಡು ಬಲಬದಿಯಿಂದ ಹೇಗೆ ಬಂದು ತಲುಪುತ್ತದೆ ಎಂದು ತೊಮಿಕೊ ಸಾನ್ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ದೂರದಿಂದ ಕೇಳಿದರು.

"ಇದೇನಾ ಸ್ನಾನದ ಮನೇದು?" ಎಂದರು ಇಸಾವೊ.

"ಹೂಂ."

"ಅಲ್ಲಿ ಇಷ್ಟು ಚೆನ್ನಾಗಿ ಕೇಳ್ತಿರ್ಲಿಲ್ಲ."

ನಿಶಿಗಾಕಿ ನಾಲ್ಕು ಕೆಟ್ಟ ಚೆಂಡುಗಳನ್ನು ಬಿಟ್ಟು, ನಿಯಮದಂತೆ ಪುಕ್ಕಟೆಯಾಗಿ, ನಡೆದುಕೊಂಡೇ ಮೊದಲನೆಯ ಬೇಸಿಗೆ ಹೋದ. ಅವನಿಂದ ಆ ದಿನ ಆದದ್ದು ಅಷ್ಟೇ. ನಾಲ್ಕು–ಮೂರಕ್ಕೆ ತಂಡ ಸೋತಿತು.

ಬುಧವಾರ ಬೆಳಿಗ್ಗೆ ಸೊನೆದಾ ಅಂಗಿ ತೆಗೆದುಕೊಂಡು, ಎಂದಿನಂತೆ ಕಾಲರ್ ತಟ್ಟಿ ನೋಡಿದರು. ಅದು ಮೆತ್ತಗಿತ್ತು.

"ಅಂತೂ ಗೆದ್ರು. ಅಭಿನಂದನೆ ಕುಸುನೋಕಿ ಸಾನ್."

"ಸೋತ್ರು. ಹದಿನಾರನೇದು," ಎಂದರು ತೊಮಿಕೊ ಸಾನ್, ಮುಂದಿನ ಅಂಗಿಯನ್ನು ಹಲಗೆಯ ಮೇಲೆ ಹರಡುತ್ತ. "ಮತ್ತೆ ಆ ಹುಡುಗಿ ತುಂಬಾ ಬೇಗ ಊದ್ತಾಳೆ. ಎರಡನೇ ಸಾಲಲ್ಲಿ ಉಸಿರಿಗೆ ಜಾಗ ಬಿಡಬೇಕು. ಮುಂದಿನ ಮಂಗಳವಾರ ಸೇತುವೆ ಕೆಳಗೆ ಬಾ ಅಂದಿದೀನಿ."