ಉಸಿರು ಬಿಟ್ಟ ಬೊಂಬೆ

ಬಳ್ಳಾರಿಯಲ್ಲಿ ಅನಿಮೇಷನ್ ಓದುತ್ತಿದ್ದ ನನಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಕಂಪ್ಯೂಟರ್ ಒಂದೇ. ಸಿನಿಮಾಗಳಿಗೆ ಬೊಂಬೆ ಮಾಡುವ ದಂಪತಿ ಕುರುಗೋಡಿನ ತಮ್ಮ ಮನೆಗೆ ಬಂದಿದ್ದಾರೆಂದು ತಿಳಿದು, ರಜೆಯಲ್ಲಿ ಹೋಗಿ ಕಲಿಸುತ್ತೀರಾ ಎಂದು ಕೇಳಿದೆ. ಬಾ ಎಂದರು. ದಿನವೂ ಬಸ್ ಹತ್ತತೊಡಗಿದೆ.

ಬೊಂಬೆಯ ಅಸ್ಥಿಪಂಜರ ಸರ್ ಅವರ ಕೆಲಸ; ಮೈ, ಮುಖ, ಬಟ್ಟೆಯೆಲ್ಲ ಮೇಡಂ ಅವರದು. ಮೊದಲ ದಿನ ಮೇಡಂ ಒಂದು ಡಬ್ಬಿ ತೆರೆದರು. ಅದರ ತುಂಬ ಬಾಯಿಗಳು. ನಗುವ ಬಾಯಿ, ಅಳಲು ಹೊರಟ ಬಾಯಿ, ‘ಅ’ ಎನ್ನುವ ಬಾಯಿ, ಬೊಂಬೆಯ ಮುಖಕ್ಕೆ ಒಂದೊಂದಾಗಿ ಬದಲಿಸಿ ಅಂಟಿಸುವಂಥವು, ಎಲ್ಲವೂ ಹುಣಸೆ ಬೀಜಕ್ಕಿಂತ ಸಣ್ಣವು. ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ನಾನು ಮಾಡಹೊರಟಿದ್ದು ಭತ್ತದ ಸಸಿ ನೆಡುವ ಹೆಂಗಸನ್ನು. ಸಿರುಗುಪ್ಪದ ನಮ್ಮ ಮನೆಯಿಂದ ಹೊರಗೆ ಕಾಲಿಟ್ಟರೆ ಕಾಣುವುದು ಅದೇ. ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಅಲ್ಯೂಮಿನಿಯಂ ತಂತಿ ತಂದು, ಹೊಸೆದು, ಸ್ಪಂಜು ಸುತ್ತಿ ನಿಲ್ಲಿಸಿದೆ. ಒಂದು ಕಾಲು ಎತ್ತಿಸಿದರೆ ಸಾಕು, ಬಿದ್ದುಬಿಡುತ್ತಿದ್ದಳು.

“ನೀ ಎದ್ದು ನಿಂದ್ರು. ಕಾಲು ಎತ್ತು,” ಎಂದರು ಸರ್. ಎತ್ತಿದೆ. “ಸೊಂಟ ಯಾ ಕಡಿ ಹೋತು?”

“ನಿಂತ ಕಾಲಿನ ಕಡಿಗ್ರಿ.”

“ಆಕಿಗೂ ಸೊಂಟ ಐತಲ್ಲ.”

ಸೊಂಟದ ತಂತಿಯನ್ನು ತುಸುವೇ ಬಾಗಿಸಿದೆ. ಬೊಂಬೆ ಒಂಟಿಕಾಲಲ್ಲಿ ನಿಂತಿತು. ಹುಟ್ಟಿದಾಗಿನಿಂದ ನನ್ನ ಮೈ ಇದನ್ನು ಮಾಡುತ್ತಲೇ ಇತ್ತು, ನಾನು ಮಾತ್ರ ಗಮನಿಸಿರಲಿಲ್ಲ.

ಚಿತ್ರೀಕರಣದ ದಿನ ಬೊಂಬೆಯನ್ನು ಮೇಜಿನ ಮೇಲೆ ಕಟ್ಟಿದ್ದ ಪುಟ್ಟ ಗದ್ದೆಯ ಬದುವಿನ ಮೇಲೆ ಕೂರಿಸಿದೆವು. “ನಡಸೂದು ಆಮ್ಯಾಲ. ಮೊದಲು ಉಸಿರಾಡ್ಲಿ,” ಎಂದರು ಮೇಡಂ. ಬೆರಳ ತುದಿಯಿಂದ ಅದರ ಎದೆಯನ್ನು, ಭುಜವನ್ನು ಇಷ್ಟೇ ಇಷ್ಟು ಅಲುಗಿಸಬೇಕು, ಫೋಟೊ ತೆಗೆಯಬೇಕು, ಮತ್ತೆ ಅಲುಗಿಸಬೇಕು. ಮಧ್ಯಾಹ್ನದ ಹೊತ್ತಿಗೆ ನನ್ನ ಕತ್ತು ಹಿಡಿದುಕೊಂಡಿತ್ತು. ಬೊಂಬೆ ಮೊದಲು ಕೂತಂತೆಯೇ ಕೂತಿದೆ ಅನ್ನಿಸುತ್ತಿತ್ತು.

ಸರ್ ಫೋಟೊಗಳನ್ನು ಜೋಡಿಸಿ ಓಡಿಸಿದರು. ಪರದೆಯ ಮೇಲಿನ ಹೆಂಗಸು ಉದ್ದಕ್ಕೆ ಉಸಿರು ಎಳೆದುಕೊಂಡಳು. ಭುಜ ಇಳಿಬಿಟ್ಟು ನಿಟ್ಟುಸಿರಿಟ್ಟಳು. ಅಲುಗಾಡಿಸಿದ್ದು ನನ್ನದೇ ಬೆರಳು, ಆದರೂ ತಿರುಗಿ ಮೇಜಿನ ಮೇಲಿದ್ದ ಬೊಂಬೆಯನ್ನು ನೋಡಿದೆ.

“ಇನ್ನೊಮ್ಮಿ ಹಾಕ್ರಿ,” ಎಂದರು ಮೇಡಂ. ಇಂಥವನ್ನು ಎಷ್ಟು ನೋಡಿದ್ದರೋ, ಅವರೂ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಸರ್ ಮತ್ತೆ ಓಡಿಸಿದರು.

ಭಾನುವಾರ ಸಿರುಗುಪ್ಪಕ್ಕೆ ಹೋಗಿ ಮೊಬೈಲಿನಲ್ಲಿ ಅವ್ವನಿಗೆ ತೋರಿಸಿದೆ. ಹೇಗೆ ಮಾಡಿದೆ ಎಂದು ಅವ್ವ ಕೇಳಲಿಲ್ಲ. “ಯಾಕ ಇಷ್ಟು ದಣದಾಳ ಆಕಿ? ನೀರು ಕೊಟ್ರೇನು?” ಎಂದಳು.

ಈಗ ಸರ್, ಮೇಡಂ ತಮ್ಮ ಹೊಸ ಚಿತ್ರದ ಬೊಂಬೆಗಳಿಗೆ ಕೈಗಳನ್ನು ಮಾಡುವ ಕೆಲಸ ನನಗೆ ಕೊಟ್ಟಿದ್ದಾರೆ. ನಾನು ಮಾಡುವ ಕಿರುಬೆರಳು ಇನ್ನೂ ದಪ್ಪವಾಗಿಯೇ ಬರುತ್ತಿದೆ.