ಖರೀದಿಯ ದಿನ ನಿಧಾನವಾಗುವ ಯಂತ್ರ

ಬಂಟ್ವಾಳದ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದ ನನಗೆ ಯುನಿಕ್ಸ್ ಕಲಿಸಿದವರು ಯಾರೂ ಇಲ್ಲ. ರೇಡಿಯೋ ತರುವವರೇ ಇಲ್ಲವಾದ ಮೇಲೆ, ಬೆಳ್ತಂಗಡಿ ಕಡೆಯ ಒಂದು ರಬ್ಬರ್ ಬೆಳೆಗಾರರ ಸಂಘದಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಅಲ್ಲಿನ ಸರ್ವರಿನಲ್ಲಿದ್ದದ್ದು ಯುನಿಕ್ಸ್ ಮನೆತನದ ಲಿನಕ್ಸ್. ತನ್ನ ಕೈಪಿಡಿಯನ್ನು ತನ್ನೊಳಗೇ ಇಟ್ಟುಕೊಂಡಿರುವ ವ್ಯವಸ್ಥೆ ಅದು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಅದನ್ನು ಓದಿದೆ. ಓದಿದ್ದನ್ನು ಹಾಗೆಯೇ ನಂಬದೆ ಯಂತ್ರದ ಮೇಲೆ ಪರೀಕ್ಷಿಸಿ ನೋಡಿದೆ. ಎಲ್ಲವನ್ನೂ ಬದಲಿಸುವ ಅಧಿಕಾರವುಳ್ಳ ರೂಟ್ ಖಾತೆಯ ಪಾಸ್‌ವರ್ಡ್ ಇಡೀ ಸಂಘದಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಅದನ್ನು ಇನ್ನೊಬ್ಬರಿಗೆ ಕೊಡುವ ಯೋಚನೆ ನನಗೆ ಕನಸಿನಲ್ಲೂ ಬಂದದ್ದಿಲ್ಲ.

ಕಳೆದ ವರ್ಷ ಮಳೆ ಬಿಟ್ಟು, ಮರದಿಂದ ಹಾಲು ಇಳಿಸುವ ಟ್ಯಾಪಿಂಗ್ ಶುರುವಾದ ಮೇಲೆ, ಸಂಘ ರಬ್ಬರ್ ಶೀಟು ಕೊಳ್ಳುವ ಖರೀದಿಯ ದಿನಗಳಲ್ಲಿ ಯಂತ್ರ ತೆವಳತೊಡಗಿತು. ಬೆಳೆಗಾರರು ಶೀಟಿನ ಕಟ್ಟುಗಳ ಮೇಲೆ ಕುಳಿತು ಬಿಲ್ಲಿಗಾಗಿ ಕಾದರು. ಅಧ್ಯಕ್ಷರು ಕಂಪ್ಯೂಟರು ಮಾರುವವನ ಮಾತನ್ನು ಕೇಳಿಕೊಂಡು ಬಂದು, “ಮೆಮೊರಿ ಫುಲ್ ಆಗಿದೆಯಂತೆ ಮಾರಾಯ್ರೆ. ಮೆಷಿನ್ನೇ ಹೊಸತು ಬೇಕಂತೆ,” ಎಂದರು. ಮರುವಾರ ಮೂಡುಬಿದಿರೆಯಿಂದ ಒಬ್ಬ ತರುಣಿ ಇಂಜಿನಿಯರನ್ನು ಕರೆಸಿದರು. “ಇವರು ಸ್ವಲ್ಪ ನೋಡಲಿ. ಸರಿಯಾದರೆ ಮುಂದಕ್ಕೂ ಇವರೇ ನೋಡಿಕೊಳ್ಳಲಿ. ನಿಮಗೂ ಪ್ರಾಯ ಆಯ್ತಲ್ಲ?”

ಅಧ್ಯಕ್ಷರ ಮಾತಿಗೆ ಆಕೆಗೊಂದು ಖಾತೆಯನ್ನೂ ಡೇಟಾಬೇಸಿನ ಕೀಲಿಯನ್ನೂ ಕೊಟ್ಟೆ; ರೂಟ್ ಮಾತ್ರ ಕೊಡಲಿಲ್ಲ. ಆಕೆ ಮೊದಲ ದಿನವೇ ಅಧ್ಯಕ್ಷರ ಕೋಣೆಯ ಗೋಡೆಗೆ ಒಂದು ಪರದೆ ಹಾಕಿಸಿ, ಯಂತ್ರದ ನಾಡಿಯನ್ನೆಲ್ಲ ಹಸಿರು, ಕೆಂಪು ಗೆರೆಗಳಾಗಿ ಅದರಲ್ಲಿ ಮೂಡಿಸಿದಳು. ಚಹಾ ತರುವವರೂ ನಿಂತು ನೋಡಿದರು. ಆ ಅಂಕಿಗಳನ್ನು ನಾನು ವರ್ಷಗಟ್ಟಲೆ ಕಪ್ಪು ಪರದೆಯಲ್ಲಿ ಓದುತ್ತಿದ್ದಾಗ ಒಬ್ಬರೂ ಇಣುಕಿರಲಿಲ್ಲ. ಬಣ್ಣ ಬಳಿದ ಮಾತ್ರಕ್ಕೆ ಅಂಕಿಯ ಬೆಲೆ ಹೆಚ್ಚುವುದೇ ಎಂದು ನನ್ನೊಳಗೆ ಉರಿಯಿತು. ಆಕೆಯ ಬೆರಳುಗಳು ಕೀಲಿಮಣೆಯ ಮೇಲೆ ಓಡುವ ವೇಗವನ್ನೂ ನನಗೆ ಸಹಿಸಲಾಗಲಿಲ್ಲ.

ಆಕೆಗಿಂತ ಮೊದಲು ಕಾರಣ ಹಿಡಿಯಬೇಕೆಂದು, ಮುಂದಿನ ಖರೀದಿಯ ದಿನ ಸಿದ್ಧಕಟ್ಟೆಯ ಮನೆಯಿಂದ ಮೊದಲ ಬಸ್ಸಿಗೇ ಹೊರಟೆ. ಜನ ಸೇರಿದ ಮೇಲೆ ಟಾಪ್ ಎಂಬ ಆಜ್ಞೆ ಕೊಟ್ಟು ನೋಡಿದರೆ ಹೊರೆಯ ಅಂಕಿ ಏರಿತ್ತು, ಪ್ರೊಸೆಸರ್ ಮಾತ್ರ ಬಹುಪಾಲು ಸುಮ್ಮನಿತ್ತು. ಹೊರೆ ಏರಿದರೆ ಪ್ರೊಸೆಸರ್ ದಣಿದಿದೆಯೆಂದು ಹೇಳುವವರ ಮಾತನ್ನು ನಾನು ಎಂದೋ ಬಿಟ್ಟಿದ್ದೆ. ಲಿನಕ್ಸಿನಲ್ಲಿ ಡಿಸ್ಕಿಗಾಗಿ ಕಾಯುವ ಕೆಲಸಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಮೆಮೊರಿಯಲ್ಲಿ ಖಾಲಿ ಜಾಗ ಕಡಿಮೆಯೆಂದು ಕಂಡಿತು, ನಿಜ. ಆದರೆ ಓದಿದ ಕಡತಗಳನ್ನು ವ್ಯವಸ್ಥೆ ಅಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಂಡಿತ್ತಷ್ಟೆ. ಬೇಕೆಂದಾಗ ಬಿಟ್ಟುಕೊಡಬಲ್ಲ ಜಾಗ ಧಾರಾಳವಾಗಿತ್ತು. ಐಒಸ್ಟ್ಯಾಟ್ ಎಂಬ ಇನ್ನೊಂದು ಸಲಕರಣೆ ಡಿಸ್ಕ್ ಉಸಿರಾಡಲೂ ಬಿಡುವಿಲ್ಲದಂತೆ ಓದುತ್ತಿರುವುದನ್ನು ತೋರಿಸಿತು.

ಗೆದ್ದವನ ಗತ್ತಿನಲ್ಲಿ ಅಧ್ಯಕ್ಷರ ಕೋಣೆಗೆ ಹೋಗಿ ಆಕೆಗೆ ಹೇಳಿದೆ: “ಮೆಮೊರಿಯಲ್ಲಿ ಎಂತದೂ ತೊಂದರೆ ಇಲ್ಲ. ನಿಮ್ಮ ಪುಸ್ತಕದಲ್ಲಿ ಬೇರೆ ಇರಬಹುದು.”

“ಮೆಮೊರಿ ಅಂತ ನಾನು ಹೇಳಲೇ ಇಲ್ಲ ಅಲ್ವಾ ಅಂಕಲ್? ಡಿಸ್ಕೇ ಅದು. ನೋಡಿ, ಈ ಕೆಂಪು ಗೆರೆ.”

ನಾನು ಬೆಳಗಿನಿಂದ ಬೆನ್ನಟ್ಟಿ ಹಿಡಿದದ್ದು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ನೇತಾಡುತ್ತಿತ್ತು. ಸಾಲದ್ದಕ್ಕೆ ಆ ‘ಅಂಕಲ್’ ಬೇರೆ.

ಡೇಟಾಬೇಸಿಗೆ ಹೋಗುವ ಪ್ರಶ್ನೆಗಳಲ್ಲಿ ತಡವಾಗುವುದು ಯಾವುದೆಂದು ಬರೆದಿಡುವ ವ್ಯವಸ್ಥೆಯನ್ನೂ ಆಕೆ ಆಗಲೇ ಆರಂಭಿಸಿದ್ದಳು. ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಿತ್ತು: ಇಂಥ ಬೆಳೆಗಾರನ ಶೀಟಿಗೆ ಯಾವ ಗ್ರೇಡ್? ಶೀಟನ್ನು ಬೆಳಕಿಗೆ ಹಿಡಿದು ಗ್ರೇಡ್ ಹಾಕುವಾಗ ತೆಗೆದ ಫೋಟೊ ಕೂಡ ಅದೇ ಕಡತದಲ್ಲಿದ್ದುದರಿಂದ, ಒಂದು ಹೆಸರು ಹುಡುಕಲು ವರ್ಷಗಳ ಫೋಟೊಗಳನ್ನೆಲ್ಲ ಡಿಸ್ಕ್ ದಾಟಿ ಬರಬೇಕಿತ್ತು.

“ಬಿಲ್ ಮಾಡ್ಲಿಕ್ಕೆ ಹಳೆ ಗ್ರೇಡ್ ಯಾಕೆ ಬೇಕು ಅಂತ ಗೊತ್ತಾಗುವುದಿಲ್ಲ,” ಎಂದು ಆಕೆ ತಲೆ ಕೆರೆದುಕೊಂಡಳು.

ನಾನು ಕೌಂಟರಿನ ಬಳಿ ಹೋಗಿ ನಿಂತೆ. ತೋಟದ ಕೊಳೆಯ ಅಂಗಿಯಲ್ಲೇ ಬಂದಿದ್ದ ಒಬ್ಬ ಬೆಳೆಗಾರರು ತಮ್ಮ ಶೀಟಿನ ಮಾತು ಬಿಟ್ಟು ಬೇರೆಯದನ್ನೇ ಕೇಳುತ್ತಿದ್ದರು.

“ನಮ್ಮ ಆಚೆಮನೆಯವರದ್ದಕ್ಕೆ ಎಂತ ಹಾಕಿದ್ದು?”

“ನಾಲ್ಕನೇ ಗ್ರೇಡ್,” ಎಂದಳು ಕೌಂಟರಿನ ಗುಮಾಸ್ತೆ.

“ನಾಲ್ಕಾ! ಅಷ್ಟು ಒಳ್ಳೆಯದಾ? ಅವರು ಶೀಟು ಒಣಗಿಸ್ಲಿಕ್ಕೆ ಹೊಗೆ ಹಾಕುವುದು ಬರೀ ತೆಂಗಿನ ಸಿಪ್ಪೆಯಲ್ಲಿ ಮಾರಾಯ್ತಿ! ಹೋದ ತಿಂಗಳು?”

“ನಿಲ್ಲಿ, ನೋಡ್ತೇನೆ.”

“ಅದರ ಆಚೆ ತಿಂಗಳೂ ನೋಡು. ಅವರಿಗೆ ಕಡೇ ದರ್ಜೆಯ ಲಾಟ್ ಬಿದ್ದದ್ದೇ ಇಲ್ವಾ?”

ಹಿಂದೆ ನಿಂತವರು ನಕ್ಕರು; ಆದರೆ ತಮ್ಮ ಸರದಿ ಬಂದಾಗ ಅವರೂ ಅದನ್ನೇ ಕೇಳಿದರು. ತನ್ನ ಗ್ರೇಡ್ ಒಪ್ಪುವ ಮೊದಲು ನೆರೆಮನೆಯದನ್ನು ತಿಳಿಯದೆ ಹೋಗುವವರು ನಮ್ಮಲ್ಲಿ ಇಲ್ಲ. ಈ ಕೇಳುವಿಕೆಯೇ ಯಂತ್ರದ ಉಸಿರು ಕಟ್ಟಿಸುತ್ತಿತ್ತು. ಅಷ್ಟು ಬೇಗ ನನಗೆ ಅದು ಅರ್ಥವಾದದ್ದಕ್ಕೆ ಕಾರಣ ಯಾವ ಕೈಪಿಡಿಯೂ ಅಲ್ಲ. ಅಂದು ಬೆಳಗ್ಗೆ ಬಂದೊಡನೆ ನಾನೂ ರೂಟ್ ಬಳಸಿ ಮೊದಲು ತೆರೆದು ನೋಡಿದ್ದು, ಆಕೆ ತನ್ನ ಖಾತೆಯಲ್ಲಿ ಯಾವ ಯಾವ ಆಜ್ಞೆ ಕೊಟ್ಟಿದ್ದಾಳೆಂಬುದನ್ನು.

ಕೇಳಿದ್ದನ್ನು ಆಕೆಗೆ ಹೇಳಿದಾಗ ಬಿದ್ದು ಬಿದ್ದು ನಕ್ಕಳು. “ಇದು ನನಗೆ ಯಾವ ಗ್ರಾಫಿನಲ್ಲೂ ಸಿಕ್ತಿರಲಿಲ್ಲ ಅಂಕಲ್.” ಆ ಹೊಗಳಿಕೆಯನ್ನು ಸವಿಯುವಷ್ಟೂ ಬಿಡುವು ಕೊಡದೆ, ಬೆಳೆಗಾರರ ಹೆಸರಿಗೂ ತಾರೀಖಿಗೂ ಪುಸ್ತಕದ ಕೊನೆಯಲ್ಲಿರುವಂಥ ಒಂದು ಸೂಚಿ ಕಟ್ಟುವ ಒಂದೇ ಸಾಲನ್ನು ಬರೆದಳು. ಡಿಸ್ಕ್ ಇನ್ನು ನೇರವಾಗಿ ಬೇಕಾದಲ್ಲಿಗೇ ಹೋಗಬಹುದಿತ್ತು. ಸೂಚಿ ಸಿದ್ಧವಾದೊಡನೆ ಕೆಂಪು ಗೆರೆ ಕುಸಿದು ಬಿತ್ತು. ಕೌಂಟರಿನಲ್ಲಿ ಬಿಲ್ಲುಗಳು ಒಂದರ ಹಿಂದೊಂದು ಬಂದವು. ಜನ ನೆರೆಮನೆಯ ಗ್ರೇಡನ್ನು ಇನ್ನಷ್ಟು ಉತ್ಸಾಹದಿಂದ ಕೇಳತೊಡಗಿದರು.

ಆ ವಾರವೇ ಅಧ್ಯಕ್ಷರು ರೂಟ್ ಆಕೆಗೆ ಹೋಗಲೆಂದರು. ಕೊಡದಿರಲು ನನ್ನಲ್ಲಿ ವಾದವೇನೂ ಉಳಿದಿರಲಿಲ್ಲ. ನಾನು ರೂಟ್ ಆಗಿ ಯಂತ್ರದೊಳಗೆ ಪ್ರವೇಶಿಸಿ ಆಕೆಗೆ ಕುರ್ಚಿ ಬಿಟ್ಟುಕೊಟ್ಟೆ. ಆಕೆ ಹೊಸ ಪಾಸ್‌ವರ್ಡ್ ಒತ್ತುವಾಗ ಮರ್ಯಾದೆಗಾಗಿ ಕಿಟಕಿಯ ಕಡೆ ಮುಖ ತಿರುಗಿಸಿದೆ. ಎಷ್ಟು ಅಕ್ಷರವೆಂದು ಕಿವಿ ಮಾತ್ರ ಎಣಿಸುತ್ತಿತ್ತು.

“ನೋಡ್ಲಿಕ್ಕೆ ನಿಮ್ಮ ಖಾತೆ ಹಾಗೆಯೇ ಉಂಟು ಅಂಕಲ್. ಬದಲಾವಣೆ ಬೇಕಾದರೆ ನನಗೆ ಹೇಳಿ.”

ಈಗಲೂ ಖರೀದಿಯ ದಿನ ಹೋಗಿ ಕಪ್ಪು ಪರದೆಯ ಮುಂದೆ ಕುಳಿತುಕೊಳ್ಳುತ್ತೇನೆ. ಸೂಚಿಯಿದ್ದರೆ ಹುಡುಕುವುದು ಸುಲಭ. ಆದರೆ ಪ್ರತಿಯೊಂದು ಹೊಸ ನಮೂದಿನ ಜೊತೆಗೂ ಸೂಚಿಯನ್ನೂ ತಿದ್ದಬೇಕಾದ್ದರಿಂದ ಬರೆಯುವ ಕೆಲಸ ಕೊಂಚ ನಿಧಾನವಾಗಲೇಬೇಕು ಎಂದು ಓದಿದ್ದೇನೆ. ಆಕೆಯ ಸೂಚಿಯಿಂದಾದ ಆ ನಿಧಾನವನ್ನು ಅಳೆಯಲು ನೋಡುತ್ತಿದ್ದೇನೆ. ಇದುವರೆಗೆ ಸಿಕ್ಕಿಲ್ಲ.