ಎರಡು ಡಿಸ್ಕುಗಳಲ್ಲಿ ಹುಲಿಗೆವ್ವನ ದನಿ

ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಗೆ ನೀವು ಬಂದರೆ, ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಗೂ ಖಾರದಪುಡಿಯ ಭರಣಿಗೂ ನಡುವೆ, ಹಳೆಯ ಕಂಪ್ಯೂಟರಿನ ಕಪ್ಪು ಪೆಟ್ಟಿಗೆಯೊಂದು ಸಣ್ಣಗೆ ಗುಂಯ್‌ಗುಡುತ್ತಿರುವುದನ್ನು ಕಾಣುವಿರಿ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಕೊಟ್ಟದ್ದನ್ನು ಕಾಪಾಡುವುದು, ಕೇಳಿದಾಗ ಮನೆಯ ವೈಫೈ ಮೂಲಕ ಕೊಡುವುದು, ಇಷ್ಟೇ ಅದರ ಕಾಯಕ. ಅದನ್ನು ಕಟ್ಟಿದವಳು ನಾನೇ. ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳುತ್ತೇನಾದರೂ ಆ ಪಾಠ ನನಗೆ ಅರ್ಥವಾದದ್ದು ಈ ಪೆಟ್ಟಿಗೆ ಕೆಟ್ಟು ಕೂತ ದಿನವೇ.

ಅದನ್ನು ಕಟ್ಟಿದ್ದು ಹುಲಿಗೆವ್ವನ ಹಾಡುಗಳಿಗಾಗಿ. ಸಿರುಗುಪ್ಪದ ಕಡೆಯ ಕರೂರಿನಲ್ಲಿರುವ ಆಕೆ ನನ್ನ ತಾಯಿಯ ತಂಗಿ, ನನಗೆ ಚಿಗವ್ವ. ಭತ್ತದ ನಾಟಿಗೆ ಹೆಣ್ಣಾಳುಗಳು ಸಾಲಾಗಿ ಗದ್ದೆಗಿಳಿದರೆ ಮೊದಲ ನುಡಿ ಎತ್ತುತ್ತಿದ್ದವಳು ಅವಳು. ಕನ್ನಡದಲ್ಲಿ ಹೊರಟ ಹಾಡು ಅರ್ಧ ದಾರಿಯಲ್ಲಿ ತೆಲುಗಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬಂದು ಸೇರುತ್ತಿತ್ತು. ನಾಟಿಯ ಹಾಡು ಮನಸ್ಸಿಗೆ ನಾಟದೆ ಹೋಗುವುದುಂಟೆ? ರಜೆ ಸಿಕ್ಕಾಗಲೆಲ್ಲ ಬದುವಿನ ಮೇಲೆ ಕೂತು ಧ್ವನಿಮುದ್ರಿಸಿಕೊಂಡೆ. ಮೊಬೈಲುಗಳು ಬದಲಾದವು, ಪೆನ್‌ಡ್ರೈವುಗಳು ಕಳೆದವು. ಕೊನೆಗೆ ಉಳಿದದ್ದನ್ನೆಲ್ಲ ಒಂದೆಡೆ ತರಲು ಈ ಪೆಟ್ಟಿಗೆಗೆ ಎರಡು ಡಿಸ್ಕು ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನೇ ಬರೆದುಕೊಳ್ಳುವಂತೆ ಜೋಡಿಸಿದೆ. ಒಂದು ಕೆಟ್ಟರೂ ಇನ್ನೊಂದಿದೆಯೆಂಬ ಹೆಮ್ಮೆಯಲ್ಲಿ ಮೊಬೈಲಿನಲ್ಲಿದ್ದುದನ್ನೆಲ್ಲ ಅಳಿಸಿಹಾಕಿದೆ. ಅದೇ ನಾನು ಮಾಡಿದ ತಪ್ಪು.

ಹೋದ ವರ್ಷ ಹುಲಿಗೆವ್ವನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಉಳಿದದ್ದು ಒಣ ಎಲೆ ಸರಿದಂಥ ಪಿಸುಮಾತು. ಆ ಪಿಸುಮಾತಿನಲ್ಲೇ ಒಂದು ದಿನ ಫೋನಿನಲ್ಲಿ ಅಂದಳು: "ಬರೋ ವಾರ ಡಾಕ್ಟರಿಗೆ ತೋರ್ಸಾಕ ಬಳ್ಳಾರಿಗೆ ಬರ್ತೀನವ್ವ. ನನ್ ಹಾಡು ಒಮ್ಮಿ ಕೇಳಂಗ ಆಗೇತಿ. ಇಟ್ಟೀಯಲ್ಲ?"

"ಇಟ್ಟೀನಿ ಚಿಗವ್ವ" ಎಂದೆ. ಮರುದಿನವೇ ಪೆಟ್ಟಿಗೆ ಒಂದು ಡಿಸ್ಕನ್ನು ಕೈಬಿಟ್ಟಿತು. ಹೊಸದನ್ನು ತಂದು ಹಾಕಿದೆ. ಅದೂ ಅರ್ಧ ಗಂಟೆಯಲ್ಲಿ ಮಾಯ. ಕೇಬಲ್ಲು ಬದಲಿಸಿದೆ, ಧೂಳು ಒರೆಸಿದೆ, ಬಿಸಿಲಿನ ಝಳವೇ ಕಾರಣವಿರಬಹುದೆಂದು ಟೇಬಲ್ ಫ್ಯಾನು ಇಟ್ಟೆ. ಮೂರನೆಯ ದಿನ ಉಳಿದ ಒಂದೇ ಡಿಸ್ಕೂ ಟಿಕ್ ಟಿಕ್ ಎಂದು ಲೊಚಗುಟ್ಟಿ ಸುಮ್ಮನಾಯಿತು. ಗಂಟಲಿನಿಂದ ಹೋದದ್ದನ್ನು ಇಲ್ಲಿಂದಲೂ ಕಳೆದವಳು ನಾನಾದೆನಲ್ಲ ಎಂದು ಆ ಹಿಟ್ಟಿನ ಡಬ್ಬಿಗಳ ನಡುವೆ ನೆಲದ ಮೇಲೆ ಕೂತುಬಿಟ್ಟೆ.

ಕಂಪ್ಯೂಟರು ರಿಪೇರಿ ಮಾಡುವ ರಫೀಕಣ್ಣನನ್ನು ಕರೆಸಿದೆ. ಅವನು ಏನನ್ನೂ ಬಿಚ್ಚಲಿಲ್ಲ. ಸ್ವಿಚ್ಚು ಹಾಕಿಸಿ, ಎಳೆಗೂಸಿನ ಎದೆಗೆ ಕಿವಿಯಿಡುವಂತೆ ಪೆಟ್ಟಿಗೆಗೆ ಕಿವಿಯಿಟ್ಟ.

"ಡಿಸ್ಕ್ ಸತ್ತಿಲ್ರಿ ಟೀಚರ್. ಇವಕ್ಕ ಉಣ್ಣಾಕ ಸಾಲವಲ್ದು. ಎರಡೂ ಒಮ್ಮಿಗೇ ಏಳಾಕ ಹೋಗ್ತಾವ, ಶಕ್ತಿ ಸಾಲದಂಗ ಆಗಿ ಕುಂದರ್ತಾವ."

ಡಿಸ್ಕುಗಳಿಗೆ ವಿದ್ಯುತ್ತು ಹಂಚುವ ತಗಡಿನ ಡಬ್ಬಿ ಪೆಟ್ಟಿಗೆಯಷ್ಟೇ ಹಳೆಯದಾಗಿ ಸೋತುಹೋಗಿತ್ತು. ಅದನ್ನು ತೆಗೆದು ಹೊಸದು ಕೂರಿಸಿದ. ಹೊಟ್ಟೆ ತುಂಬಿದ ಡಿಸ್ಕು ಏರುದನಿಯಲ್ಲಿ ಒಮ್ಮೆ ಮೊರೆದು ತಿರುಗತೊಡಗಿತು. ನನ್ನ ಮೊಬೈಲಿನ ಪರದೆಯ ಮೇಲೆ ಹಾಡುಗಳ ಪಟ್ಟಿ, ಒಂದೂ ತಪ್ಪದೆ, ಸಾಲುಸಾಲಾಗಿ ಮೂಡಿತು. ಸಂಜೆಯವರೆಗೆ ಹಳೆಯ ಡಿಸ್ಕು ಹೊಸದಕ್ಕೆ ತನ್ನಲ್ಲಿದ್ದುದನ್ನೆಲ್ಲ ಹೇಳಿಕೊಡುತ್ತಿತ್ತು, ನಾನು ಅಲುಗದೆ ನೋಡುತ್ತಿದ್ದೆ. ಅಂಗೈಯಗಲದ ಕನ್ನಡಿಯಂಥ ಬಿಲ್ಲೆ; ಅದರ ಮೇಲೆ ಕಣ್ಣಿಗೆ ಕಾಣದ ಅಯಸ್ಕಾಂತದ ಚುಕ್ಕೆಗಳು; ಆ ಚುಕ್ಕೆಗಳಲ್ಲಿ ಕೆಸರು, ನೀರು, ಬಾಗಿದ ಬೆನ್ನುಗಳು, ಒಬ್ಬ ಹೆಂಗಸಿನ ಉಸಿರು! ಅಯಸ್ಕಾಂತವೆಂದರೆ ಕಬ್ಬಿಣವನ್ನು ಸೆಳೆಯುವ ವಸ್ತು ಎಂದು ಇಷ್ಟು ವರ್ಷ ಬರೆಸಿದವಳು ನಾನು. ಹೋದ ದನಿಯನ್ನೂ ಅದು ಹಿಡಿದಿಡುತ್ತದೆಂದು ಗೊತ್ತಿತ್ತು, ಆದರೆ ಬೆರಗುಪಟ್ಟಿರಲಿಲ್ಲ. ಈಗ ಮೂರನೆಯ ಪ್ರತಿಯನ್ನು ಕುರುಗೋಡಿನ ತಂಗಿಯ ಮನೆಯಲ್ಲಿಟ್ಟಿದ್ದೇನೆ. ಜೋಡಿ ಡಿಸ್ಕು ಇದ್ದರೂ ಅವೆರಡೂ ಉಣ್ಣುವುದು ಒಂದೇ ಒಲೆಯ ಅಡುಗೆಯನ್ನು ಎಂಬುದು ನನಗೆ ತಿಳಿದಿದೆ.

ಹುಲಿಗೆವ್ವ ಬಂದಳು. ಮೊದಲ ಹಾಡು ಹಚ್ಚಿದೆ. ತನ್ನದೇ ತುಂಬುಕಂಠ ಕೋಣೆಯಲ್ಲಿ ಎದ್ದಾಗ ಆಕೆಯ ಕೈ ತಾನಾಗಿ ಗಂಟಲಿಗೆ ಹೋಯಿತು. ಹಾಡಿನ ನಡುವೆ ಆ ಕಾಲದ ಹುಲಿಗೆವ್ವ ನನ್ನನ್ನು ಗದರಿದ್ದಳು: "ಲೇ, ಬದು ಜಾರ್ತೈತಿ, ಹಿಂದ ಸರಿ!" ಇಂದಿನ ಹುಲಿಗೆವ್ವ ಸದ್ದಿಲ್ಲದೆ ನಕ್ಕಳು, ಭುಜಗಳು ಕುಲುಕಿದವು, ಕಣ್ಣು ತುಂಬಿತು. ಹಾಡು ಮುಗಿದಾಗ ಆಕೆ ಹುಬ್ಬು ಗಂಟಿಕ್ಕಿದಳು.

"ಕಡೀ ನುಡಿ ಇಲ್ಲಲ್ಲ ಇದರಾಗ. ಅವತ್ತು ಮಳಿ ಬಂತು, ಬಿಟ್ಟು ಓಡಿದ್ವಿ. ಹಚ್ಚು, ಹೇಳ್ತೀನಿ."

ಧ್ವನಿಮುದ್ರಣ ಹಚ್ಚಿ ಮೊಬೈಲನ್ನು ಆಕೆಯ ತುಟಿಯ ಹತ್ತಿರ ಹಿಡಿದೆ. ರಾಗವಿಲ್ಲ, ಉಸಿರಷ್ಟೇ. ಹುಟ್ಟಿದ ಮಡಿಯಿಂದ ಕಿತ್ತು ತಂದ ಸಸಿಗೆ, ಅಂಜಬೇಡ, ಈ ನೀರೂ ನಿನ್ನದೇ ಎಂದು ಹೇಳುವ ನುಡಿ. ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು:

"ಬಂತಾ?"

ಮೊಬೈಲಿನಲ್ಲೇ ಹಚ್ಚಿ ಕೇಳಿಸಿದೆ. ತನ್ನ ಪಿಸುಮಾತನ್ನು ಕೊನೆಯವರೆಗೆ ಆಲಿಸಿ ತಲೆದೂಗಿದಳು.

"ಇದನ್ನೂ ಅದರ ಮಗ್ಗಲಕ್ಕೇ ಇಡು."